ದಾರಿಯಲ್ಲಿದ್ದಾರೆ, ಹೇಳಬೇಡಿ

ಹೋದ ಭಾನುವಾರ ಹಳೆಯ ಕಾರನ್ನು ಮಾರುವ ಮೊದಲು ಒಮ್ಮೆ ತೊಳೆದುಬಿಡೋಣ ಎಂದು ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನ ನಮ್ಮ ಮನೆಯ ಮುಂದೆ ಬಕೆಟ್ಟು, ವ್ಯಾಕ್ಯೂಮ್ ಇಟ್ಟುಕೊಂಡು ಕೂತೆ. ಹಿಂದಿನ ಸೀಟಿನ ಕೆಳಗಿನ ಮ್ಯಾಟ್ ಎತ್ತಿದರೆ ಕೆಂಪು ಮಣ್ಣು. ಎರಡು ವರ್ಷದಲ್ಲಿ ಅದೆಷ್ಟು ಸಲ ಕ್ಲೀನ್ ಮಾಡಿದ್ದೇನೋ ದೇವರಿಗೇ ಗೊತ್ತು. ಸೀಟಿನ ಕಂಬಿಯ ಸಂದಿಯಲ್ಲಿ, ಬೆಲ್ಟಿನ ಬಕಲ್ಲಿನೊಳಗೆ ಅದು ಸುಮ್ಮನೆ ಕೂತೇ ಇತ್ತು. ಬೆರಳಿಗೆ ಹತ್ತಿದ್ದನ್ನು ಮೂಗಿಗೆ ಹಿಡಿದೆ. ಕಾದ ಕಬ್ಬಿಣದ ವಾಸನೆ. ಅದರ ಹಿಂದೆ ಮಾವಿನ ಹಣ್ಣಿನ ವಾಸನೆಯೂ ಬಂದ ಹಾಗಾಯಿತು. ಎರಡು ವರ್ಷ ಮಾವಿನ ವಾಸನೆ ಉಳಿಯುವುದಿಲ್ಲ ಎಂದು ನನಗೂ ಗೊತ್ತು. ಆದರೂ ಬಂತು. ಅಲ್ಲೇ ಕಾಂಕ್ರೀಟಿನ ಮೇಲೆ ಕಾಲು ಚಾಚಿ ಕೂತುಬಿಟ್ಟೆ.

ಆ ಬೇಸಿಗೆ ನಾನು ನನ್ನ ಅಕ್ಕನನ್ನು ನೋಡಲು ಹೊರಟಿದ್ದೆ. ನೋಡಲಿಲ್ಲ. ಹೇಳುವುದಿರುವುದು ಇಷ್ಟೇ. ಆದರೆ ಇಷ್ಟನ್ನು ಹೇಳಿ ಸುಮ್ಮನಾಗಲು ನನ್ನಿಂದ ಆಗುವುದಿಲ್ಲ.

ಅಕ್ಕ ಸುಮಾ ಪರ್ತ್‌ನಲ್ಲಿ ಮಕ್ಕಳ ಡಾಕ್ಟರು. ನಾನು ಬ್ರಿಸ್ಬೇನಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಮೈಸೂರಿನವರೆಲ್ಲ "ಒಂದೇ ದೇಶದಲ್ಲಿ ಅಕ್ಕ ತಂಗಿ ಇಬ್ರೂ ಇದೀರಲ್ಲ, ಪುಣ್ಯವಂತರು" ಎನ್ನುತ್ತಿದ್ದರು. ಅವರಿಗೇನು ಗೊತ್ತು! ಪರ್ತ್‌ನಿಂದ ಬ್ರಿಸ್ಬೇನಿಗೆ ಬರುವ ಹೊತ್ತಿಗೆ ಹೆಚ್ಚು ಕಡಿಮೆ ಸಿಂಗಪುರವನ್ನೇ ಮುಟ್ಟಬಹುದು. ಅವಳ ಡ್ಯೂಟಿ, ನನ್ನ ರಿಲೀಸು, ಮಕ್ಕಳ ಪರೀಕ್ಷೆ, ನಡುವೆ ಕೊರೋನಾ ಎಂದು ಗಡಿ ಮುಚ್ಚಿದ್ದು. ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳೇ ಆಗಿದ್ದವು. ಆ ಬೇಸಿಗೆಯ ಹಿಂದಿನ ವರ್ಷ ಅಕ್ಕನಿಗೆ ಕರುಳಿನ ಕ್ಯಾನ್ಸರಿನ ಆಪರೇಷನ್ ಆದಾಗಲೂ ನನ್ನನ್ನು ಬರಗೊಡಲಿಲ್ಲ. "ನೀನು ಬಂದು ಅಳ್ತಾ ಕೂತ್ರೆ ನಿನ್ನ ನೋಡ್ಕೊಳಕ್ಕೆ ಇನ್ನೊಬ್ಳು ನರ್ಸ್ ಬೇಕು" ಎಂದು ಬೈದಿದ್ದಳು. ಎಲ್ಲ ಕ್ಲೀನ್ ಆಗಿದೆ ಎಂದಳು. ಡಾಕ್ಟರೇ ಹಾಗೆಂದ ಮೇಲೆ ನಾನು ನಂಬದೆ ಇನ್ನೇನು ಮಾಡಲಿ?

ಮರುವರ್ಷ ಕ್ರಿಸ್‌ಮಸ್ ರಜೆಗೆ ಅಡಿಲೇಡ್‌ನಲ್ಲಿ ಸೇರುವುದೆಂದು ಮಾತಾಯಿತು. ಅದು ಇಬ್ಬರಿಗೂ ಮಧ್ಯದ ಊರು. ಅಕ್ಕ, ಭಾವ ವಿಮಾನದಲ್ಲಿ ಬರುವುದು. ನಾನು, ನನ್ನ ಗಂಡ ಶ್ರೀಧರ, ಮಗಳು ಅನನ್ಯ ಕಾರಿನಲ್ಲಿ ಮರುಭೂಮಿಯ ನ್ಯಾಷನಲ್ ಪಾರ್ಕುಗಳನ್ನು ನೋಡುತ್ತಾ ಬರುವುದು. ಈ ದಾರಿ ಹಾಕಿದವಳು ಅಕ್ಕನೇ. "ಪ್ಲೇನಲ್ಲಿ ಬಂದ್ರೆ ಏನ್ ಕಾಣ್ಸುತ್ತೆ ಗೀತೂ, ಬರೀ ಮೋಡ. ರೋಡಲ್ಲಿ ಬಾ. ಗುಂಡಬೂಕ ನೋಡು, ಮುಟವಿಂಜಿ ನೋಡು, ಫ್ಲಿಂಡರ್ಸ್ ನೋಡು. ನಂಗೆ ಫೋಟೋ ಕಳಿಸ್ತಾ ಬಾ. ನಂಗಂತೂ ಇಷ್ಟು ವರ್ಷ ಇದ್ರೂ ಆಸ್ಪತ್ರೆ ಬಿಟ್ರೆ ಮನೆ, ಮನೆ ಬಿಟ್ರೆ ಆಸ್ಪತ್ರೆ" ಎಂದಿದ್ದಳು. ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ಅಪ್ಪನ ಸ್ಕೂಟರಿನಲ್ಲಿ ಐದು ಜನ ಕೂತು ಕೆಆರ್‌ಎಸ್‌ಗೆ ಹೋಗಿ ಬಂದದ್ದೇ ನಮಗೆ ದೊಡ್ಡ ಪ್ರವಾಸ. ಬೇಸಿಗೆ ಬಂತು ಅಂದರೆ ಎಲ್ಲಿಗಾದರೂ ಹೋಗಬೇಕು ಎನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟ ಮಾತು. ಇಲ್ಲಿನವರು ಮರುಭೂಮಿಗೆ ಹೋಗುವುದು ಚಳಿಗಾಲದಲ್ಲಿ. ಡಿಸೆಂಬರ್ ಎಂದರೆ ಇಲ್ಲಿ ನಡುಬೇಸಿಗೆ, ಆಗ ಅಲ್ಲಿಗೆ ಹೋಗುವವರು ಒಂದೋ ಹುಚ್ಚರು, ಇಲ್ಲ ನಮ್ಮವರು.

ಬರ್ಕ್ ಊರಿನ ಸರ್ವೋದಲ್ಲಿ ಪೆಟ್ರೋಲ್ ಹಾಕಿಸುವಾಗ ಕೌಂಟರಿನ ಹೆಂಗಸು ನಮ್ಮ ಕಾರಿನತ್ತ ನೋಡಿ, "ಯೂ ಲಾಟ್ ಆರ್ ಬ್ರೇವ್" ಎಂದಳು. ನೀರಿನ ಕ್ಯಾನು ಇನ್ನೊಂದು ತಗೊಳ್ಳಿ ಎಂದು ತಾನೇ ಎತ್ತಿಕೊಟ್ಟಳು. ನಿಜವಾಗಿ ಧೈರ್ಯವಲ್ಲ, ತಿಳಿವಳಿಕೆ ಇಲ್ಲದ್ದು. ಬಾಗಿಲು ತೆಗೆದರೆ ಬಾಣಲೆಯ ಮುಚ್ಚಳ ತೆಗೆದ ಹಾಗೆ ಶಾಖ ಮುಖಕ್ಕೆ ಬಡಿಯುತ್ತಿತ್ತು. ನೊಣಗಳು ಕಣ್ಣಿನ ಮೂಲೆಗೇ ಬರುತ್ತಿದ್ದವು. ಗುಂಡಬೂಕದ ಬೆಟ್ಟವನ್ನು ಕಾರಿನಲ್ಲಿ ಕೂತೇ ನೋಡಿದೆವು. ಅನನ್ಯ ಇಳಿಯಲೇ ಇಲ್ಲ. "ಅಮ್ಮ, ಇಟ್ಸ್ ಎ ರಾಕ್. ಐ ಕ್ಯಾನ್ ಸೀ ಇಟ್" ಎಂದಳು. ನಾನು ಇಳಿದು ಫೋಟೋ ತೆಗೆದು, ನೆಟ್‌ವರ್ಕ್ ಸಿಕ್ಕ ಕಡೆ ಅಕ್ಕನಿಗೆ ಕಳಿಸಿದೆ. "ಬಿಸಿಲಿಗೆ ಟೋಪಿ ಹಾಕ್ಕೋ ಗೂಬೆ, ಮೂಗು ಬದನೆಕಾಯಿ ಥರ ಆಗಿದೆ" ಎಂದು ಬಂತು. ನಕ್ಕೆ.

ಅದು ಅವಳು ನನಗೆ ಬರೆದ ಕೊನೆಯ ಮಾತು. ಆಗ ನನಗೆ ಗೊತ್ತಿರಲಿಲ್ಲ.

ಮುಟವಿಂಜಿಯಿಂದ ಕಳಿಸಿದ ಫೋಟೋಗಳಿಗೆ "ಬ್ಯೂಟಿಫುಲ್. ಟೇಕ್ ಕೇರ್" ಎಂದು ಉತ್ತರ ಬಂತು, ಇಂಗ್ಲಿಷಿನಲ್ಲಿ. ಅಕ್ಕ ಇಷ್ಟು ಒಳ್ಳೆಯವಳಾದದ್ದು ಯಾವಾಗ ಎಂದುಕೊಂಡೆ. ನಲವತ್ತೇಳು ವರ್ಷದಲ್ಲಿ ಅವಳು ನನಗೆ ಟೇಕ್ ಕೇರ್ ಎಂದವಳೇ ಅಲ್ಲ. ವಾರ್ಡಿನಲ್ಲಿ ಬಿಜಿ ಇರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಮನಸ್ಸು ಬೇಡವೆಂದದ್ದನ್ನು ಕಣ್ಣು ಕಾಣುವುದಿಲ್ಲ. ಅವಳು ಆ ಹೊತ್ತಿಗೆ ವಾರ್ಡಿನಲ್ಲಿಯೇ ಇದ್ದಳು, ಆದರೆ ಹಾಸಿಗೆಯ ಮೇಲೆ. ಅವಳ ಫೋನು ಭಾವನ ಕೈಯಲ್ಲಿತ್ತು.

ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನವೆಂಬರಿನಲ್ಲೇ ಕ್ಯಾನ್ಸರ್ ವಾಪಸ್ ಬಂದಿತ್ತು, ಲಿವರ್ ತುಂಬ. ಸ್ಕ್ಯಾನನ್ನು ಶ್ರೀಧರನಿಗೆ ಕಳಿಸಿದ್ದಳು. ಅವನೂ ಡಾಕ್ಟರು, ನೋಡಿದ ಕೂಡಲೇ ಗೊತ್ತಾಗಿದೆ. "ಗೀತಂಗೆ ಹೇಳ್ಬೇಡಿ. ಅವಳು ಇಷ್ಟಪಟ್ಟು ಬರ್ತಿದಾಳೆ, ನೋಡ್ಕೊಂಡು ಬರ್ಲಿ. ಅಡಿಲೇಡಲ್ಲಿ ನಾನೇ ಹೇಳ್ತೀನಿ" ಎಂದು ಅವನಿಂದ ಮಾತು ತೆಗೆದುಕೊಂಡಳು. ಅಷ್ಟರವರೆಗೆ ಇರುತ್ತೇನೆಂದೇ ಅವಳ ಲೆಕ್ಕ. ಭಾವನೂ ಡಾಕ್ಟರೇ, ಮೂವರು ಡಾಕ್ಟರುಗಳ ಲೆಕ್ಕವೂ ಅದೇ. ಮೂವರದೂ ತಪ್ಪಿತು. ನಾವು ಮುಟವಿಂಜಿಯಲ್ಲಿದ್ದಾಗ ಇನ್‌ಫೆಕ್ಷನ್ ಆಗಿ ಅಡ್ಮಿಟ್ ಮಾಡಿದರು. ಬ್ರೋಕನ್ ಹಿಲ್‌ನಲ್ಲಿ ನಾವು ಮೋಟೆಲಿಗೆ ಬಂದಾಗ ಭಾವ ಫೋನ್ ಮಾಡಿ ಶ್ರೀಧರನಿಗೆ ಹೇಳಿದರು. ನಮ್ಮವರಲ್ಲಿ ಒಂದು ಪದ್ಧತಿ ಇದೆಯಲ್ಲ, ದಾರಿಯಲ್ಲಿದ್ದಾರೆ, ಹೇಳಬೇಡಿ ಎನ್ನುವುದು. ಊಟಕ್ಕೆ ಕೂತಿದ್ದಾರೆ, ಹೇಳಬೇಡಿ. ಬಸುರಿ, ಹೇಳಬೇಡಿ. ಪರೀಕ್ಷೆ ಇದೆ, ಹೇಳಬೇಡಿ. ಊರಿಗೆಲ್ಲ ಗೊತ್ತಿರುತ್ತದೆ, ಯಾರ ಹೊಟ್ಟೆ ಉರಿಯಬೇಕೋ ಅವರಿಗೊಬ್ಬರಿಗೆ ಗೊತ್ತಿರುವುದಿಲ್ಲ. ಅದನ್ನು ನಾವು ಪ್ರೀತಿ ಎನ್ನುತ್ತೇವೆ.

ಆ ಸಂಜೆ ನಾನು ರೈಸ್ ಕುಕ್ಕರಿನಲ್ಲಿ ಅನ್ನಕ್ಕಿಟ್ಟು ಗೊಜ್ಜು ತೆಗೆಯುತ್ತಿದ್ದೆ. ಶ್ರೀಧರ ಹೊರಗೆ ಫೋನಿನಲ್ಲಿ ಮಾತಾಡಿ ಬಂದು ಹಾಸಿಗೆಯ ತುದಿಯಲ್ಲಿ ಕೂತ.

"ಫ್ಲಿಂಡರ್ಸ್ ಬಿಟ್ಬಿಡೋಣ ಗೀತಾ. ನಾಳೆ ಸೀದಾ ಅಡಿಲೇಡ್‌ಗೆ ಹೋಗ್ಬಿಡೋಣ."

"ಯಾಕೆ?"

"ತುಂಬಾ ಬಿಸಿಲು. ಅನನ್ಯಂಗೂ ಬೇಜಾರಾಗಿದೆ."

"ಅಯ್ಯೋ, ನಿಮ್ದು ಯಾವಾಗ್ಲೂ ಇದೇ ರೀ. ಎಲ್ಲಿಗೆ ಹೊರಟ್ರೂ ಅರ್ಧ ದಾರೀಲಿ ಸಾಕು ಅಂತೀರ. ಅಕ್ಕಂಗೆ ಅಲ್ಲಿನ ಫೋಟೋ ಕಳಿಸ್ತೀನಿ ಅಂತ ಮಾತು ಕೊಟ್ಟಿದೀನಿ. ನಿಮಗೆ ಬಿಸಿಲಾದ್ರೆ ಕಾರಲ್ಲೇ ಎಸಿ ಹಾಕ್ಕೊಂಡು ಕೂತಿರಿ."

ಅವನು ನನ್ನನ್ನೇ ನೋಡಿದ. ಬಾಯಿ ತೆಗೆದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಆ ಗಳಿಗೆಯನ್ನು ಎಷ್ಟು ಸಲ ಮತ್ತೆ ಮತ್ತೆ ನೆನಪಿಸಿಕೊಂಡಿದ್ದೇನೋ. ಹೇಳಲಿಲ್ಲ. "ಸರಿ, ನಿನ್ನಿಷ್ಟ" ಎಂದು ತಟ್ಟೆ ಹಾಕಲು ಎದ್ದ. ಗೆದ್ದೆ ಎಂದು ನನಗೆ ಖುಷಿಯಾಯಿತು. ಅವನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದೆ.

ಮರುದಿನ ದಕ್ಷಿಣ ಆಸ್ಟ್ರೇಲಿಯಾದೊಳಗೆ ಬಂದ ಮೇಲೆ ಹೆದ್ದಾರಿಯಲ್ಲೊಂದು ತಪಾಸಣೆಯ ಗೇಟು ಬಂತು. ಹಣ್ಣಿನ ಹುಳು ಒಳಗೆ ಬರಬಾರದೆಂದು ಅಲ್ಲಿ ಹಣ್ಣು ತರಕಾರಿ ಎಲ್ಲ ಕಸಿದುಕೊಳ್ಳುತ್ತಾರೆ. ಇಷ್ಟು ವರ್ಷ ಈ ದೇಶದಲ್ಲಿದ್ದು ನನಗೆ ಅದು ಹೊಳೆಯಲೇ ಇಲ್ಲ. ಎಸ್ಕಿ ಎನ್ನುವ ಐಸ್ ಪೆಟ್ಟಿಗೆಯಲ್ಲಿ ಅರ್ಧ ಡಜನ್ ನಮ್ಮ ಕ್ವೀನ್ಸ್‌ಲ್ಯಾಂಡ್ ಮಾವಿನ ಹಣ್ಣು, ಪೇಪರಿನಲ್ಲಿ ಸುತ್ತಿ ಇಟ್ಟದ್ದು, ಅಡಿಲೇಡ್ ಮುಟ್ಟುವ ಹೊತ್ತಿಗೆ ಸರಿಯಾಗಿ ಹಣ್ಣಾಗಲಿ ಎಂದು ಗಟ್ಟಿಯಾದದ್ದನ್ನೇ ಆರಿಸಿ ತಂದಿದ್ದೆ. ಅಕ್ಕನಿಗೆ ಮಾವಿನ ಹಣ್ಣು ಎಂದರೆ ಪ್ರಾಣ. ಪರ್ತ್‌ನ ಹಣ್ಣಿಗೆ ನಮ್ಮ ಕಡೆಯದರ ರುಚಿಯಿಲ್ಲ ಎಂದು ಪ್ರತಿ ಬೇಸಿಗೆಯಲ್ಲೂ ಗೊಣಗುತ್ತಿದ್ದಳು. ಗೇಟಿನ ಹೆಂಗಸು ಒಳ್ಳೆಯವಳು. "ಸಾರಿ ಡಾರ್ಲ್. ಇಲ್ಲೇ ತಿಂದು ಮುಗಿಸ್ತೀರಾದ್ರೆ ನಂದೇನೂ ಅಭ್ಯಂತರ ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ, ಪಕ್ಕದ ನೆರಳು ತೋರಿಸಿದಳು.

ನಾನು, ಅನನ್ಯ ಅಲ್ಲೇ ನಿಂತು ತಿಂದೆವು. ಚಾಕು ಎಲ್ಲಿದೆಯೋ ಸಿಗಲಿಲ್ಲ, ಸಿಪ್ಪೆ ಕಚ್ಚಿ ಎಳೆದೆವು. ರಸ ಮೊಣಕೈವರೆಗೂ ಇಳಿಯಿತು, ನೊಣಗಳಿಗೆ ಹಬ್ಬ. ಅನನ್ಯ ದಾರಿಯುದ್ದಕ್ಕೂ ಮೊದಲ ಸಲ ನಕ್ಕಳು. "ದೊಡ್ಡಮ್ಮ ಈಸ್ ಗೋಯಿಂಗ್ ಟು ಕಿಲ್ ಅಸ್" ಎಂದಳು. "ಕೊಲ್ಲಲಿ ಬಿಡು" ಎಂದೆ ನಾನು. ಶ್ರೀಧರ ಒಂದನ್ನೂ ಮುಟ್ಟಲಿಲ್ಲ. ಮಾವು ಕಂಡರೆ ಗೊರಟೆಯನ್ನೂ ಬಿಡದ ಮನುಷ್ಯ, ಕಾರಿಗೆ ಒರಗಿ ರಸ್ತೆ ನೋಡುತ್ತಾ ನಿಂತಿದ್ದ. ಮುನಿಸು ಎಂದುಕೊಂಡೆ. ಇರಲಿ, ಮುನಿಸಿಕೊಂಡವರಿಗೆ ಹಣ್ಣಿಲ್ಲ ಎಂದು ಅವನಿಗೆ ಕೇಳುವಂತೆಯೇ ಹೇಳಿದೆ.

ಹಾಕರ್ ಎಂಬ ಸಣ್ಣ ಊರಿನಲ್ಲಿ ಪೆಟ್ರೋಲಿಗೆ ನಿಂತೆವು. ನಾನು ಟಾಯ್ಲೆಟ್ಟಿಗೆ ಹೋಗಿ ಕೈಯ ಅಂಟು ತೊಳೆದು, ಐಸ್‌ಕ್ರೀಮು ಆರಿಸಿ ಬರುವಷ್ಟರಲ್ಲಿ ಭಾವನ ಫೋನು ಬಂದು ಹೋಗಿತ್ತು. ಅಕ್ಕ ಬೆಳಿಗ್ಗೆಯೇ ಹೋಗಿದ್ದಳು. ನಾನು ನೆರಳಿನಲ್ಲಿ ನಿಂತು ಅವಳ ಹಣ್ಣು ತಿನ್ನುತ್ತಿದ್ದ ಹೊತ್ತಿಗೆ ಅವಳು ಇರಲಿಲ್ಲ. ಕಾರಿಗೆ ಬಂದಾಗ ಶ್ರೀಧರ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಐಸ್‌ಕ್ರೀಮನ್ನು ಯಾರೂ ತಿನ್ನಲಿಲ್ಲ. ಅದು ಕಪ್ಪಿನಲ್ಲೇ ಕರಗಿ ನೀರಾಯಿತು, ಕಾಸು ದಂಡ ಎಂದು ನಾನು ಗೊಣಗಿದೆ.

ಫ್ಲಿಂಡರ್ಸ್‌ನ ವಿಲ್ಪೀನಾದಲ್ಲಿ ಎರಡು ರಾತ್ರಿಗೆ ರೂಮು ಹಿಡಿದಿದ್ದೆವು. ಎರಡೂ ರಾತ್ರಿ ಇದ್ದೆವು. ಹೌದು, ಇದ್ದೆವು! ಬಿಸಿಲು ಹೆಚ್ಚೆಂದು ನಡೆಯುವ ದಾರಿಗಳನ್ನು ಮುಚ್ಚಿದ್ದರು. ಬೆಳಿಗ್ಗೆ ಬೇಗ ಕಾರಿನಲ್ಲಿ ಗುಡ್ಡದ ಮೇಲಿನ ಲುಕ್‌ಔಟಿಗೆ ಹೋದೆವು. ಅಲ್ಲಿಂದ ಕಂಡದ್ದನ್ನು ಏನೆಂದು ಹೇಳಲಿ. ಕೆಂಪು, ನೇರಳೆ ಬೆಟ್ಟಗಳು ಒಂದರ ಹಿಂದೊಂದು. ಒಂದು ಮನೆಯಿಲ್ಲ, ಒಂದು ಹೊಗೆಯಿಲ್ಲ. ಗಾಳಿ ಇನ್ನೂ ತಣ್ಣಗಿತ್ತು. ಎಮು ಹಕ್ಕಿಯೊಂದು ತನ್ನ ಮರಿಗಳನ್ನು ಮುಂದೆ ಬಿಟ್ಟುಕೊಂಡು ಒಣ ಹಳ್ಳ ದಾಟುತ್ತಿತ್ತು. ನನಗೆ ಆ ಬೆಳಿಗ್ಗೆ ಆದಷ್ಟು ಸಂತೋಷ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಅನನ್ಯ ಬಂದು ನನ್ನ ಕೈ ಹಿಡಿದುಕೊಂಡಳು. ಹದಿನಾರರ ಹುಡುಗಿ, ಕೈ ಹಿಡಿದು ಯಾವ ಕಾಲವಾಗಿತ್ತೋ! ಬೆಟ್ಟದ ಚಂದಕ್ಕೆ ಮನಸ್ಸು ಕರಗಿರಬೇಕು ಎಂದುಕೊಂಡು ಇನ್ನಷ್ಟು ಹಿಗ್ಗಿದೆ.

ರೂಮಿಗೆ ವಾಪಸಾಗಿ ನೆಟ್‌ವರ್ಕ್ ಸಿಕ್ಕಾಗ ಅಕ್ಕನಿಗೆ ಕಳಿಸಿದೆ. ಬೆಟ್ಟದ್ದು, ಎಮುವಿನದು, ಟೋಪಿ ಹಾಕಿಕೊಂಡ ನನ್ನದು. "ನೋಡು, ಟೋಪಿ ಹಾಕಿದೀನಿ. ನಿನ್ನ ಮಾವಿನ ಹಣ್ಣು ಪೂರ್ತಿ ತಿಂದ್ಬಿಟ್ವಿ, ಬೈಬೇಡ. ಬೇಗ ಬಾ ಕಣೇ, ತುಂಬಾ ಮಾತಾಡೋದಿದೆ" ಎಂದು ಬರೆದೆ. ಬಹಳ ಹೊತ್ತಿನ ಮೇಲೆ ಒಂದು ಕೆಂಪು ಹೃದಯ ಬಂತು. ಸತ್ತವಳ ಫೋನಿನಿಂದ ನನಗೆ ಹೃದಯ ಬಂತು. ನಾನು ತಿರುಗಿ ಮೂರು ಕಳಿಸಿದೆ.

ಅಡಿಲೇಡ್‌ನಲ್ಲಿ ಎರಡು ಕುಟುಂಬಕ್ಕೂ ಆಗುವಂಥ ಅಪಾರ್ಟ್‌ಮೆಂಟ್ ಹಿಡಿದಿದ್ದೆ. ಅಕ್ಕನಿಗೆ ಬೆಳಗಿನ ಬೆಳಕು ಬರುವ ರೂಮೇ ಬೇಕೆಂದು ಫೋನಿನಲ್ಲಿ ಹಟ ಮಾಡಿದ್ದೆ. ಅದರ ಕಾರ್ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿ ಶ್ರೀಧರ ಇಂಜಿನ್ ಆಫ್ ಮಾಡಲಿಲ್ಲ. ಅನನ್ಯ ಯಾರೂ ಹೇಳದೆಯೇ ಇಳಿದು ದೂರ ಹೋಗಿ ನಿಂತಳು.

"ಗೀತಾ, ಸುಮಾ ಸ್ವಲ್ಪ ಸೀರಿಯಸ್ ಅಂತೆ."

ನಾನೂ ಅದೇ ಮೈಸೂರಿನವಳಲ್ಲವೇ? ಸೀರಿಯಸ್ ಎಂದರೆ ಏನು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು. ಅಪ್ಪ ಹೋದಾಗಲೂ ನನ್ನನ್ನು ಕಾಲೇಜಿನಿಂದ ಸೀರಿಯಸ್ ಎಂದೇ ಕರೆಸಿದ್ದರು.

"ಯಾವಾಗ?" ಎಂದೆ.

"ಈಗ ಐಸಿಯೂಲಿ..."

"ಯಾವಾಗ ಹೋದ್ಲು ರೀ?"

ಅವನು ಸ್ಟೀರಿಂಗಿನ ಮೇಲೆ ತಲೆಯಿಟ್ಟ. "ಮೊನ್ನೆ" ಎಂದ. ಮೊನ್ನೆ ಎಂದರೆ ಮಾವಿನ ಹಣ್ಣು ಎಂದು ಲೆಕ್ಕ ಹಾಕಿದೆ. ಆಮೇಲೆ ನಾನು ಏನೇನು ಕಿರುಚಿದೆನೋ, ಅವನ ತೋಳಿಗೆ ಎಷ್ಟು ಹೊಡೆದೆನೋ, ನೆನಪಿಲ್ಲ. ಅವನು ಹೊಡೆಸಿಕೊಂಡ. "ಹೇಳಿದ್ರೆ ನೀನು ಹೇಗೆ ಬರ್ತಿದ್ದೆ ಆ ದಾರೀಲಿ? ಅಷ್ಟು ಬಿಸಿಲು, ಒಂದು ಆಸ್ಪತ್ರೆ ಇಲ್ಲ. ಹೇಗಿದ್ರೂ ಅವಳು ಹೋಗಿದ್ಲು" ಎಂದ. ಬ್ರೋಕನ್ ಹಿಲ್‌ನಲ್ಲಿ ಅವಳು ಹೋಗಿರಲಿಲ್ಲ. ಆ ಸಂಜೆಯೇ ಹೇಳಿದ್ದರೆ, ಸೀದಾ ಅಡಿಲೇಡ್‌ಗೆ ಬಂದು ವಿಮಾನ ಹತ್ತಿದ್ದರೆ ನಾನು ಅವಳನ್ನು ನೋಡುತ್ತಿದ್ದೆನೇ? ಶ್ರೀಧರ ಇಲ್ಲ ಎನ್ನುತ್ತಾನೆ. ಭಾವ, ಆಗಲೇ ಪ್ರಜ್ಞೆ ಇರಲಿಲ್ಲ ಎನ್ನುತ್ತಾರೆ. ನನಗೆ ಅವರು ಹೇಳುವ ಯಾವ ಮಾತನ್ನೂ ನಂಬಲು ಈಗ ಆಗುವುದಿಲ್ಲ. ನಿಜ ಹೇಳಿದರೂ ಆಗುವುದಿಲ್ಲ. ಅವರು ನನ್ನಿಂದ ಕಿತ್ತುಕೊಂಡದ್ದು ಅಕ್ಕನನ್ನು ಮಾತ್ರ ಅಲ್ಲ.

ಪರ್ತ್‌ಗೆ ಹೋದಾಗ ನಾನು ಕಂಡದ್ದು ಬರೀ ಮುಖ. ಅಂತ್ಯಕ್ರಿಯೆಯವರು ಪೌಡರು ಹಚ್ಚಿ, ತುಟಿಗೆ ಬಣ್ಣ ಬಳಿದು ಮಲಗಿಸಿದ್ದರು. ಅಕ್ಕ ಜನ್ಮದಲ್ಲಿ ಲಿಪ್‌ಸ್ಟಿಕ್ ಹಾಕಿದವಳಲ್ಲ. ಸೆರಗಿನಲ್ಲಿ ಒರೆಸಿದೆ. ಒಂದು ಪರದೆ ಸರಿಯಿತು, ಪೆಟ್ಟಿಗೆ ಒಳಗೆ ಹೋಯಿತು, ನಾವೆಲ್ಲ ಹೊರಗೆ ಬಿಸಿಲಿನಲ್ಲಿ ಬಂದು ನಿಂತೆವು. ಯಾರೋ ಆಂಟಿ ನನ್ನ ಬೆನ್ನು ಸವರಿ, "ಪಾಪ, ದಾರೀಲಿ ಗೊತ್ತಾಗದೇ ಇದ್ದದ್ದೇ ಒಳ್ಳೇದಾಯ್ತಮ್ಮ" ಎಂದರು. ನಾನು ಅವರ ಕೈಯನ್ನು ತೆಗೆದು ಬದಿಗಿಟ್ಟೆ.

ಅದಾಗಿ ಎರಡು ವರ್ಷ. ಶ್ರೀಧರ, ನಾನು ಒಂದೇ ಮನೆಯಲ್ಲಿದ್ದೇವೆ. ಅವನು ಕಾಫಿ ಮಾಡಿಕೊಡುತ್ತಾನೆ, ನಾನು ಕುಡಿಯುತ್ತೇನೆ. "ಏನಾಯ್ತು?" ಎಂದರೆ "ಏನಿಲ್ಲ" ಎನ್ನುತ್ತಾನೆ, ಆ ಏನಿಲ್ಲಕ್ಕೆ ನನ್ನ ಎದೆ ಧಸಕ್ ಎನ್ನುತ್ತದೆ.

ಭಾನುವಾರ ನಾನು ಕಾರಿನ ಪಕ್ಕ ಕೂತಿದ್ದಾಗ ಅನನ್ಯ ಬಂದಳು. ಈಗ ಬ್ರಿಸ್ಬೇನಿನಲ್ಲೇ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಓದುತ್ತಾಳೆ, ಹತ್ತಿರದ ಇಂಡೂರೂಪಿಲ್ಲಿಯಲ್ಲಿ ಗೆಳತಿಯರ ಜೊತೆ ಮನೆ ಮಾಡಿದ್ದಾಳೆ. ನನ್ನ ಬೆರಳಿನ ಕೆಂಪು ನೋಡಿದಳು, ಪಕ್ಕದಲ್ಲಿ ಕೂತಳು. ಮ್ಯಾಟಿನ ಮಣ್ಣನ್ನು ಬೆರಳಲ್ಲಿ ಕೆದಕುತ್ತಾ, "ಅಮ್ಮ, ಐ ನ್ಯೂ" ಎಂದಳು.

"ಏನು?"

"ಅಟ್ ದ ಸರ್ವೋ. ಇನ್ ಹಾಕರ್. ಡ್ಯಾಡ್ ಫೋನ್ ಹಿಡ್ಕೊಂಡು ಅಳ್ತಾ ಇದ್ರು. ಹಿ ಸೆಡ್, ಅಮ್ಮಂಗೆ ಹೇಳ್ಬೇಡ. ಸೋ ಐ ಡಿಡಂಟ್."

ಇಂಗ್ಲಿಷಿನ ಹುಡುಗಿ, ಆ ಒಂದು ಮಾತನ್ನು ಮಾತ್ರ ಅಚ್ಚ ಕನ್ನಡದಲ್ಲಿ ಹೇಳಿದಳು. ಲುಕ್‌ಔಟಿನಲ್ಲಿ ಅವಳು ಯಾಕೆ ಕೈ ಹಿಡಿದಿದ್ದಳು ಎನ್ನುವುದು ನನಗೆ ಆಗ ತಿಳಿಯಿತು. ಆ ಟ್ರಿಪ್ಪಿನಲ್ಲಿ ನನ್ನದೆಂದು ಉಳಿದಿದ್ದದ್ದು ಆ ಬೆಳಿಗ್ಗೆ ಒಂದೇ. ಅದೂ ಹೋಯಿತು. ಬೈಯಬೇಕೆಂದುಕೊಂಡೆ. ಆದರೆ ಹದಿನಾರು ವರ್ಷದ ಮಗು ಎರಡು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಎದುರು ಕೂತು ಊಟ ಮಾಡಿತ್ತಲ್ಲ, ಶಿವನೇ.

ಅಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು. ಭಾನುವಾರದ ಅಮ್ಮನ ಕರೆ. ಅಮ್ಮ ಮೈಸೂರಿನಲ್ಲಿ ನಮ್ಮ ಅಣ್ಣನ ಜೊತೆ ಇದ್ದಾಳೆ, ಹೃದಯದ ತೊಂದರೆ. ಅಕ್ಕ ಹೋದ ದಿನವೇ ಅಣ್ಣ ತೀರ್ಮಾನ ಮಾಡಿದ, ಅಮ್ಮನಿಗೆ ಹೇಳುವುದು ಬೇಡ, ತಡೆದುಕೊಳ್ಳಲ್ಲ. ಸುಮಾಗೆ ಗಂಟಲಿನ ಆಪರೇಷನ್ ಆಗಿದೆ, ಮಾತಾಡುವ ಹಾಗಿಲ್ಲ ಎಂದು ಹೇಳಿದ್ದಾನೆ. ನಾನು ಕೂಗಾಡಿದೆ, ಫೋನ್ ಕುಕ್ಕಿದೆ. ಆಮೇಲೆ ನಾನೂ ಒಪ್ಪಿದೆ. ಅಮ್ಮನ ಮುಖ ನೋಡಿಕೊಂಡು ಹೇಳಲು ನನ್ನಿಂದಲೂ ಆಗಲಿಲ್ಲ. ಹಬ್ಬ ಹುಣ್ಣಿಮೆಗೆ ಅಕ್ಕನ ಹೆಸರಿನಲ್ಲಿ ಅಣ್ಣನ ಫೋನಿಗೆ ನಾಲ್ಕು ಸಾಲು ಬರೆಯುವವಳು ಈಗ ನಾನೇ. ಅಣ್ಣ ಅದನ್ನು ಅಮ್ಮನಿಗೆ ಓದಿ ಹೇಳುತ್ತಾನೆ. ನಡುವೆ ಗೂಬೆ, ಕತ್ತೆ ಎಂದು ಸೇರಿಸುವುದನ್ನು ಮರೆಯುವುದಿಲ್ಲ. ಭಾವನಿಗಿಂತ ಚೆನ್ನಾಗಿ ಬರೆಯುತ್ತೇನೆ.

ಫೋನಿನಲ್ಲಿ ಅಮ್ಮನ ಮುಖ ಸೊರಗಿತ್ತು. ಬಲಗೈಗೆ ಪಟ್ಟಿ.

"ಅಮ್ಮಾ, ಏನಾಯ್ತು ಕೈಗೆ?"

"ಏನಿಲ್ವೇ, ಬಚ್ಚಲಲ್ಲಿ ಜಾರಿದೆ. ನಿಮ್ಮಣ್ಣ ಯಾರಿಗೂ ಹೇಳ್ಬೇಡ ಅಂದಿದ್ದ. ನೀನು ನೋಡಿಬಿಟ್ಯಲ್ಲ." ಪಟ್ಟಿಯ ಕೈಯನ್ನು ಸೆರಗಿನ ಮರೆಗೆ ಎಳೆದುಕೊಂಡಳು. ಆಮೇಲೆ ಮುಖವನ್ನು ಫೋನಿಗೆ ಹತ್ತಿರ ತಂದು, ದನಿ ತಗ್ಗಿಸಿ, "ನೋಡು ಗೀತೂ, ನಾನು ಬಿದ್ದಿದ್ದನ್ನ ಸುಮಾಗೆ ಮಾತ್ರ ಹೇಳ್ಬೇಡ. ಅವಳು ಅಲ್ಲೆಲ್ಲೋ ದೂರದಲ್ಲಿ ಒಬ್ಳೇ ಕೂತು ಸುಮ್ನೆ ಗಾಬರಿ ಮಾಡ್ಕೋತಾಳೆ" ಎಂದಳು.

ಅನನ್ಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಇಲ್ಲಮ್ಮ" ಎಂದೆ. "ಹೇಳಲ್ಲ."